ಸತ್ತವರು ಬಂದರೆ ಬಾಗಿಲು ಹಾಕಬೇಕಂತೆ

ನಾನು ನವಿ ಮುಂಬಯಿಯ ಒಂದು ಯೂನಿವರ್ಸಿಟಿಯಲ್ಲಿ ಹುಡುಗಿಯರ ಹಾಸ್ಟೆಲಿನ ವಾರ್ಡನ್. ನಮ್ಮಲ್ಲಿ ಫೈರ್ ಡ್ರಿಲ್ ಎಂದರೆ ಸೈರನ್ ಕೂಗುವುದು, ಹುಡುಗಿಯರು ಕಿವಿಗೆ ದಿಂಬು ಒತ್ತಿಕೊಂಡು ಮಗ್ಗುಲು ಬದಲಿಸುವುದು. ನಾನು ಮಹಡಿ ಮಹಡಿ ಹತ್ತಿ, ಬಾಗಿಲು ಬಡಿದು, "ಏಳ್ರೇ, ಸುಟ್ಟು ಕರಕಲಾಗ್ತೀರಿ" ಎಂದು ಕನ್ನಡದಲ್ಲೇ ಬೈಯುತ್ತಿದ್ದೆ. ಸಿಟ್ಟು ಬಂದಾಗ ನನಗೆ ಹಿಂದಿ ಹೊರಡುವುದಿಲ್ಲ. ಕೊನೆಗೆ ನಾನು, ವಾಚ್‌ಮನ್, ಕ್ಯಾಂಪಸ್ಸಿನ ನಾಯಿಗಳು ಇಷ್ಟು ಜನ ಮೈದಾನದಲ್ಲಿ ನಿಂತು ಡ್ರಿಲ್ ಮುಗಿಸಿ ಬರುತ್ತಿದ್ದೆವು.

ಈ ವರ್ಷ ಮೇಲಿನವರಿಗೆ ತಲೆಬಿಸಿಯಾಯಿತು. ಸೇಫ್ಟಿ ಕಮಿಟಿಗೆ ವಿದ್ಯಾರ್ಥಿಗಳನ್ನೂ ಸೇರಿಸಿಕೊಳ್ಳಿ ಎಂದರು, ಸೇರಿಸಿಕೊಂಡೆವು. ನಾಗಪುರದ ಒಬ್ಬಳು ಎಂಜಿನಿಯರಿಂಗ್ ಹುಡುಗಿ ಮೊದಲ ಮೀಟಿಂಗಿನಲ್ಲೇ ಎದ್ದು ನಿಂತು, "ಬೆಂಕಿ ಅಂದ್ರೆ ಯಾರೂ ಬರಲ್ಲ ಮ್ಯಾಡಮ್, ಜೋಂಬಿ ಅಂದ್ರೆ ಎಲ್ಲರೂ ಬರ್ತಾರೆ" ಅಂದಳು. ಜೋಂಬಿ ಎಂದರೆ ಸತ್ತ ಮೇಲೆ ಎದ್ದು ಓಡಾಡುವವರಂತೆ. ಅವರು ಕಚ್ಚಿದರೆ ನಾವೂ ಹಾಗೇ ಆಗುತ್ತೇವಂತೆ. ಓಡುವ ದಾರಿ, ಸೇರುವ ಜಾಗ ಎಲ್ಲ ಬೆಂಕಿಗೂ ಜೋಂಬಿಗೂ ಒಂದೇ, ಹಾಗಾಗಿ ತಮಾಷೆಯ ನೆಪದಲ್ಲಿ ಕಲಿತ ಹಾಗಾಯಿತು ಎಂಬುದು ಅವಳ ಲೆಕ್ಕ. ಮೇಲಿನವರು ಒಪ್ಪಿಯೇಬಿಟ್ಟರು. ನನ್ನ ಗ್ರಹಚಾರ ನೋಡಿ, ಬೀಗದ ಕೈಗಳೆಲ್ಲ ನನ್ನ ಹತ್ತಿರ ಇರುವುದರಿಂದ ಜೋಂಬಿ ನಿವಾರಣೆಗೂ ನಾನೇ ಮುಖ್ಯಸ್ಥೆ.

ಸುಳ್ಳು ಯಾಕೆ ಹೇಳಲಿ, ಮೊದಮೊದಲು ನನಗೂ ಮಜಾ ಬಂತು. ಜೋಂಬಿಗಳು ಪಕ್ಕದ ಠಾಣೆ ಊರಿನಿಂದ ಲೋಕಲ್ ರೈಲು ಹಿಡಿದು ಬರುತ್ತವೆ ಎಂದು ಕಮಿಟಿಯ ಹುಡುಗರು ನಕ್ಷೆ ಬರೆದಿದ್ದರು. "ಬೆಳಿಗ್ಗೆ ಠಾಣೆಯಲ್ಲಿ ಹತ್ತಲಿ ನೋಡೋಣ. ಡೊಂಬಿವಲಿಯಿಂದ ಬಂದು ದಿನಾ ಅಲ್ಲಿ ಗಾಡಿ ಬದಲಿಸುವವಳು ನಾನು. ಲೇಡೀಸ್ ಡಬ್ಬದಲ್ಲಿ ನಮ್ಮ ಹೆಂಗಸರೇ ಅವುಗಳನ್ನು ಕಚ್ಚಿ ಇಳಿಸ್ತಾರೆ" ಅಂದೆ. ಜೋಂಬಿಗಳು ತಿನ್ನುವುದು ಮಿದುಳು ಮಾತ್ರ ಎಂದು ಒಬ್ಬ ಹೇಳಿದ. "ಹಾಗಾದರೆ ನೀವೆಲ್ಲ ಸೇಫ್ ಬಿಡಿ" ಅಂದೆ. ಮೇಜು ಕುಟ್ಟಿ ನಕ್ಕರು.

ಆಮೇಲೆ ಆ ಹುಡುಗಿ ನಕ್ಷೆಯಲ್ಲಿ ಸ್ಪೋರ್ಟ್ಸ್ ಹಾಲ್ ಮೇಲೆ ಕೆಂಪು ಗುರುತು ಹಾಕಿದಳು. ಕಚ್ಚಿಸಿಕೊಂಡವರನ್ನೆಲ್ಲ ಅಲ್ಲಿಗೆ ತಳ್ಳಿ ಹೊರಗಿನಿಂದ ಚಿಲಕ ಹಾಕುವುದು. "ಮುಖ್ಯ ನಿಯಮ, ಒಳಗಿನಿಂದ ನಿಮ್ಮವರೇ ಹೆಸರು ಹಿಡಿದು ಕರೆದರೂ ತೆಗೆಯಬಾರದು. ಅವರು ಈಗ ನಿಮ್ಮವರಲ್ಲ." ಮತ್ತೆ ನಗು. ಒಬ್ಬ ನಾಲಿಗೆ ಹೊರಗೆ ಹಾಕಿ, ಕೈ ಚಾಚಿ, "ದೀದೀ... ದೀದೀ..." ಎಂದು ಅಣಕಿಸಿದ.

ಕೋವಿಡ್ ಕಾಲದಲ್ಲಿ ಆ ಹಾಲಿನ ತುಂಬ ಮಂಚ ಹಾಕಿದ್ದರು. ಸಾನಪಾಡಾದ ಒಂದು ವೆಜ್ ಹೋಟೆಲಿನಲ್ಲಿ ಮ್ಯಾನೇಜರ್ ಆಗಿದ್ದ ನನ್ನ ತಮ್ಮನನ್ನು, ಹೋಟೆಲಿನಲ್ಲಿ ಜ್ವರ ಬಂದ ಉಳಿದವರ ಜೊತೆ ಅಲ್ಲಿಗೇ ತಂದರು. ನಾನು ಗಂಜಿ ಫ್ಲಾಸ್ಕನ್ನು ಗೇಟಿನಲ್ಲಿ ಕೊಡುವುದು, ಅವನು ಕಿಟಕಿಯಿಂದ ಕೈ ಬೀಸುವುದು, ಇಷ್ಟೇ ನಮ್ಮ ಭೇಟಿ. "ಅಕ್ಕಾ, ಅಮ್ಮನಿಗೆ ಹೇಳ್ಬೇಡ" ಎಂದು ಕೂಗುತ್ತಿದ್ದ. ಒಂದು ದಿನ ಕಿಟಕಿಯಲ್ಲಿ ಅವನಿರಲಿಲ್ಲ. ಉಸಿರು ಕಟ್ಟಿ ಆಸ್ಪತ್ರೆಗೆ ಒಯ್ದಿದ್ದರು. ಅಲ್ಲಿಂದ ನೇರ ಸ್ಮಶಾನ. ದೂರ ನಿಂತು ನಾನು ನೋಡಿದ್ದು ಒಂದು ಚೀಲ. ಅಮ್ಮ ಅದನ್ನೂ ನೋಡಲಿಲ್ಲ.

"ಆ ಹಾಲಿನ ಬೀಗದ ಕೈ ನಾನು ಕೊಡುವುದಿಲ್ಲ" ಎಂದು ಕಿರುಚಿದೆ. ಕನ್ನಡದಲ್ಲೇ ಕಿರುಚಿದೆ ಕಾಣುತ್ತದೆ, ಯಾರಿಗೂ ಅರ್ಥವಾಗಲಿಲ್ಲ. ಹುಡುಗಿ ಬೆಪ್ಪಾಗಿ ನನ್ನನ್ನೇ ನೋಡಿದಳು. ಅವಳದೇನು ತಪ್ಪು? ಆಗ ಅವರೆಲ್ಲ ಶಾಲೆಗೆ ಹೋಗುವ ಮಕ್ಕಳು. ಕಾರಣ ಹೇಳುವ ತಾಳ್ಮೆ ನನಗಿರಲಿಲ್ಲ. ಕಚ್ಚಿಸಿಕೊಂಡವರನ್ನು ಪಾರ್ಕಿಂಗಿಗೆ ಹಾಕಿಕೊಳ್ಳಿ ಎಂದು ಹಿಂದಿಯಲ್ಲಿ ಹೇಳಿ ಎದ್ದು ಬಂದೆ.

ಮನೆಯಲ್ಲಿ ನಾನೂ ಅಮ್ಮನೂ ಇಬ್ಬರೇ. ಮಾತೆಲ್ಲ ತುಳುವಿನಲ್ಲಿ. ನನ್ನ ಮುಖ ನೋಡಿ ಅಮ್ಮ ಎಂಥದಾಯ್ತು ಎಂದು ಕೇಳಿದಳು. ಸ್ಪೋರ್ಟ್ಸ್ ಹಾಲಿನ ವಿಷಯ ಬಿಟ್ಟು ಜೋಂಬಿಯ ವಿಷಯ ಮಾತ್ರ ಹೇಳಿದೆ. ಅಮ್ಮ ಬಾಯಿಯ ಮೇಲೆ ಕೈ ಇಟ್ಟುಕೊಂಡು ನಕ್ಕಳು. "ಸತ್ತವರು ಬಂದರೆ ಬಾಗಿಲು ಹಾಕುವುದಾ? ಎಂಥ ಅವಸ್ಥೆ ಮಾರಾಯ್ತಿ! ನಮ್ಮಲ್ಲಿ ಕರೆದು ಎಲೆ ಹಾಕಿ ಬಡಿಸ್ತಾರೆ. ಹಸಿದು ಬಂದವರಿಗೆ ಚಿಲಕ ತೋರಿಸ್ತಾರಾ?"

ಅವಳು ಹೇಳಿದ್ದು ನಮ್ಮ ಕಡೆಯ ಆಟಿ ತಿಂಗಳ ಕ್ರಮ. ಸುರಿಯುವ ಮಳೆಯ ಆ ತಿಂಗಳಲ್ಲಿ ಒಂದು ದಿನ ತೀರಿಹೋದವರಿಗೆ ಒಳಕೋಣೆಯಲ್ಲಿ ಎಲೆ ಹಾಕಿ, ಅವರವರಿಗೆ ಬೇಕಾದ್ದು ಬಡಿಸಿ, ಬಾಗಿಲು ಮುಚ್ಚಿ ಹೊರಗೆ ಕೂರುವುದು. ಅವರು ಬಂದು ಉಂಡು ಹೋಗುತ್ತಾರೆ ಎಂದು ನಂಬಿಕೆ. ಸ್ವಲ್ಪ ಹೊತ್ತಿನ ನಂತರ ಬಾಗಿಲು ತಟ್ಟಿ ತೆರೆಯುತ್ತೇವೆ, ಆಮೇಲೆ ನಮ್ಮ ಊಟ. ಡೊಂಬಿವಲಿಯ ಫ್ಲಾಟಿಗೆ ಬಂದ ಮೇಲೂ ಅಮ್ಮ ಇದನ್ನು ಬಿಟ್ಟವಳಲ್ಲ. ಅಪ್ಪನಿಗೆ ಎಲೆ, ದೊಡ್ಡಪ್ಪನಿಗೆ ಎಲೆ, ಅಜ್ಜಿಗೆ ಎಲೆ. ತಮ್ಮನಿಗೆ ಮಾತ್ರ ಇಲ್ಲ. "ಕಣ್ಣಲ್ಲಿ ನೋಡದ್ದಕ್ಕೆ ನಾನು ಎಲೆ ಹಾಕುವುದಿಲ್ಲ" ಎಂದು ಮೊದಲ ವರ್ಷವೇ ಹೇಳಿದ್ದಳು. ಲಿಫ್ಟಿನ ಬಾಗಿಲು ಸದ್ದಾದರೆ ಈಗಲೂ ಹೋಗಿ ಇಣುಕುತ್ತಾಳೆ. ಅವನು ಹಸಿದುಕೊಂಡೇ ಇದ್ದಾನೆ ಎಂದು ನೆಂಟರು ನನಗೆ ಫೋನ್ ಮಾಡಿ ಹೇಳುತ್ತಾರೆ, ಅವಳಿಗೆ ಹೇಳುವ ಧೈರ್ಯ ಯಾರಿಗೂ ಇಲ್ಲ. ನನಗೆ ಈ ನಂಬಿಕೆಗಳೆಲ್ಲ ಅಷ್ಟಕ್ಕಷ್ಟೆ. ಆದರೂ ಆ ಫೋನ್ ಬಂದ ದಿನ ರಾತ್ರಿ ನಾನು ಉಣ್ಣುವುದಿಲ್ಲ.

ಅವತ್ತು ತಡೆಯಲಾಗಲಿಲ್ಲ. "ಮತ್ತೆ ನಿನ್ನ ಮಗನಿಗೆ ನೀನು ತೋರಿಸಿದ್ದು ಚಿಲಕ ಅಲ್ವಾ? ಎಲ್ಲರನ್ನೂ ಒಳಗೆ ಕರೆದು ಕೂರಿಸ್ತೀ. ಅವನೊಬ್ಬ ಹೊರಗೆ ನಿಲ್ಲಬೇಕು" ಅಂದೆ.

ಅಮ್ಮನ ನಗು ನಿಂತಿತು. "ನೀನು ನೋಡಿದ್ದೀಯಾ ಅವನ ಮುಖ?"

"ಇಲ್ಲ. ಚೀಲ ನೋಡಿದೆ."

"ಮತ್ತೆ ಅವನೇ ಅಂತ ಹೇಗೆ ಹೇಳ್ತೀ?"

"ಬದುಕಿದ್ದರೆ ಇಷ್ಟು ವರ್ಷ ನಿನಗೊಂದು ಫೋನ್ ಮಾಡದೆ ಇರ್ತಿದ್ದನಾ ಅಮ್ಮಾ?"

ಅವಳು ಎದ್ದು ಹೋಗಿ ಪಾತ್ರೆ ತೊಳೆಯತೊಡಗಿದಳು, ತೊಳೆದಿಟ್ಟ ಪಾತ್ರೆಗಳನ್ನೇ. ನನ್ನ ನಾಲಿಗೆಗೆ ಬೆಂಕಿ ಬೀಳಲಿ ಅನಿಸಿತು. ಆದರೆ ಆಡಿದ್ದು ನಿಜವೇ ಆಗಿತ್ತು.

ಜೋಂಬಿ ಡ್ರಿಲ್ ಭರ್ಜರಿಯಾಗಿ ನಡೆಯಿತು. ಮುಖಕ್ಕೆ ಮೈದಾ ಬಳಿದುಕೊಂಡ ಹುಡುಗರು ಕುಂಟುತ್ತ ಬಂದರು. ಹಾಸಿಗೆ ಬಿಟ್ಟು ಏಳದವರೂ ಚೀರಿಕೊಂಡು ಮೈದಾನಕ್ಕೆ ಓಡಿದರು. ಮೇಲಿನವರು ನನಗೆ ಹೂಗುಚ್ಛ ಕೊಟ್ಟರು. ಹಿಡಿದುಕೊಂಡು ನಿಂತೆ, ಫೋಟೋಗೆ ಹಲ್ಲು ಕಿರಿದೆ. ಸ್ಪೋರ್ಟ್ಸ್ ಹಾಲಿನ ಕಡೆ ನೋಡಲಿಲ್ಲ.

ಆಟಿ ಬಂತು. ಅಮ್ಮ ಬಡಿಸಲು ಒಂದು ಭಾನುವಾರ ಗೊತ್ತು ಮಾಡಿದಳು. ಬೆಳಿಗ್ಗೆ ಸ್ಟೇಷನ್ ಹತ್ತಿರದ ಮಾರ್ಕೆಟ್ಟಿನಿಂದ ಬಾಳೆಎಲೆ ತಂದುಕೊಟ್ಟೆ. ಎಷ್ಟು ಎಲೆ ಎಂದು ಅವಳೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಅಡಿಗೆಮನೆಯಲ್ಲಿ ಕೋಳಿ ಸಾರು, ಕಡುಬು ಆಯಿತು. ಆಮೇಲೆ ಒಣ ಸಿಗಡಿ ಹುರಿಯುವ ವಾಸನೆ ಬಂತು. ಅಪ್ಪನಿಗೆ ಸಿಗಡಿ ಆಗುತ್ತಿರಲಿಲ್ಲ. ಅಜ್ಜಿಯೂ ದೊಡ್ಡಪ್ಪನೂ ಮುಟ್ಟುತ್ತಿರಲಿಲ್ಲ. ದಿನವಿಡೀ ವೆಜ್ ಹೋಟೆಲಿನಲ್ಲಿ ಕೂತು, ಮನೆಗೆ ಬಂದು ಸಿಗಡಿ ಚಟ್ನಿ ಕೇಳುತ್ತಿದ್ದವನು ಅವನೊಬ್ಬನೇ. ನಾನು ಬಾಗಿಲ ಹತ್ತಿರ ನಿಂತು ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ. ಅಮ್ಮ ತಿರುಗಿ ನೋಡಲಿಲ್ಲ. "ತೆಂಗಿನಕಾಯಿ ತುರಿದುಕೊಡು" ಅಂದಳು.

ಹಿರಿಯರ ಸಾಲಿನ ತುದಿಗೆ ಅವಳೇ ಅವನ ಎಲೆ ಹಾಕಿದಳು. ಬಡಿಸಿದಳು. ದೀಪ ಹಚ್ಚಿ, ಬಾಗಿಲು ಮುಚ್ಚಿ, ಇಬ್ಬರೂ ಹೊರಗೆ ನೆಲದ ಮೇಲೆ ಕೂತೆವು.

ಪ್ರತಿ ವರ್ಷಕ್ಕಿಂತ ಹೆಚ್ಚೇ ಹೊತ್ತಾಯಿತು. ಅಕ್ಕಪಕ್ಕದ ಮನೆಗಳಲ್ಲಿ ಊಟ ಮುಗಿದು ಟಿವಿ ಶುರುವಾಯಿತು. ಅಮ್ಮನಿಗೆ ಶುಗರ್ ಬೇರೆ, ಏನೂ ತಿಂದಿರಲಿಲ್ಲ. ಇನ್ನು ಸಾಕು ಎಂದು ಎದ್ದು, ಬಾಗಿಲು ತಟ್ಟಲು ಕೈ ಎತ್ತಿದೆ. ಅಮ್ಮ ನನ್ನ ಸೆರಗು ಹಿಡಿದು ಎಳೆದಳು.

"ಬೇಡ. ಅವ ನಿಧಾನ ಉಣ್ಣುವವ."

"ಆಗಿರ್ತದೆ ಅಮ್ಮಾ. ನೀನು ಮಾತ್ರೆ ತಗೊಳ್ಬೇಕು."

"ತೆಗೀಬೇಡ ಮಗಾ" ಅಂದಳು. "ತೆಗೆದರೆ ಹೋಗ್ತಾನಲ್ಲ."