ಮೀಟರ್ ಸರಿಯಾಗಿಯೇ ತೋರಿಸಿತ್ತು

ಆ ಆಂಪ್ಲಿಫೈಯರ್ ಸುಟ್ಟದ್ದು ನನ್ನಿಂದ, ಅಣ್ಣಾ. ನಿನ್ನ ಕೈಯಿಂದಲ್ಲ. ಹದಿನಾಲ್ಕು ವರ್ಷ ಇದನ್ನು ನುಂಗಿಕೊಂಡು ನಿನ್ನ ಪಕ್ಕದಲ್ಲೇ ಕೂತು ಕೆಲಸ ಮಾಡಿದೆ. ನೀನು ತೀರಿಹೋಗಿ ಐದು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ — ಕೇಳುವವರು ಇಲ್ಲದಾಗ ಹೇಳುವುದು ಸುಲಭ, ಅದೂ ಗೊತ್ತು.

ರನ್ನ ಬೆಳಗಲಿಯ ಮಲ್ಲಪ್ಪ ತನ್ನ ಕಬ್ಬಿನ ಟ್ರ್ಯಾಕ್ಟರಿಗೆ ಕಾರಿನ ಎರಡು ಸಬ್‌ವೂಫರ್ ಸ್ಪೀಕರ್ ಹಾಕಿಸಲು ಜಮಖಂಡಿಯ ನಮ್ಮ ಅಂಗಡಿಗೆ ಬಂದಿದ್ದ. ತಲಾ ನಾಲ್ಕು ಓಮ್ ರೋಧ. ಒಟ್ಟು ನಾಲ್ಕಕ್ಕಿಂತ ಕೆಳಗಿಳಿದರೆ ಆಂಪ್ಲಿಫೈಯರ್ ತಾಳುತ್ತಿರಲಿಲ್ಲ. ನೀನು ಒಂದರ ಹಿಂದೆ ಒಂದು ಜೋಡಿಸಿ ಎಂಟು ಮಾಡಿದೆ. ದನಿ ತುಸು ಕಡಿಮೆ, ಆದರೆ ಎಷ್ಟು ಹೊತ್ತು ಹಚ್ಚಿದರೂ ಬಿಸಿಯಾಗದು.

"ಏನ್ರೀ ಅಣ್ಣಾರ, ಮುದುಕ ಕೆಮ್ಮಿದಂಗ ಆಕ್ಕೈತಿ! ಸಕ್ರಿ ಫ್ಯಾಕ್ಟರಿ ಮುಂದ ಪಾಳೇಕ ನಿಂತ್ರ ಮಂದಿ ನಗತಾರ."

"ಇದರ ತಾಕತ್ತು ಇಷ್ಟ, ಮಲ್ಲಪ್ಪಾ. ಜಗ್ಗಿದ್ರ ಸುಡತೈತಿ," ಎಂದು ನೀನು ಊಟಕ್ಕೆ ಹೋದೆ. ಅವನು ಚಹಾಕ್ಕೆ ಹೋದ.

ನಿನಗಿಂತ ನನಗೆ ಹೆಚ್ಚು ತಿಳಿಯುತ್ತದೆ ಎಂಬ ಸೊಕ್ಕು ನನಗೆ. ಎರಡನ್ನೂ ಅಕ್ಕಪಕ್ಕ ಜೋಡಿಸಿಬಿಟ್ಟೆ — ಎರಡು ಓಮ್. ನೀನು ಮನಸ್ಸು ಬದಲಿಸಿದೆ ಅಂದುಕೊಂಡ ಮಲ್ಲಪ್ಪ, ನೀನು ಬರುವ ಮೊದಲೇ ಅಬ್ಬರದ ಹಾಡು ಹಚ್ಚಿಕೊಂಡು ಹೋದ.

ನಾಲ್ಕನೆಯ ದಿನ ಸುಟ್ಟ ವಾಸನೆಯ ಸಮೇತ ವಾಪಸ್ ಬಂದ. ನೀನು ಹಿತ್ತಲಿನಲ್ಲಿ ಕೈ ತೊಳೆದು ಬರುವಷ್ಟರಲ್ಲಿ ನಾನು ಪರೀಕ್ಷಿಸುವ ನೆಪದಲ್ಲಿ ಟ್ರ್ಯಾಕ್ಟರ್ ಹತ್ತಿ ವೈರುಗಳನ್ನು ನೀನು ಜೋಡಿಸಿದ್ದಂತೆಯೇ ಮಾಡಿದ್ದೆ. ನೀನು ಮೂರು ಸಲ ಮೀಟರ್ ಹಿಡಿದೆ. ಎಲ್ಲ ಸರಿ ಇತ್ತು. ಆಮೇಲೆ ನನ್ನ ಕಡೆ ತಿರುಗಿ ಕೇಳಿದೆ:

"ಜೋಡಣಿ ಖರೆ ಐತಿ. ಹಂಗಾರ ಯಾಕ ಸುಡ್ತು? ನನಗ ಈ ಕೆಲಸ ತಿಳಿಯಂಗಿಲ್ಲೇನೋ, ತಮ್ಮಾ?"

ನಾನು — ಸ್ಕ್ರೂ ಹುಡುಕುವವನಂತೆ ಬಗ್ಗಿದೆ.

ಅಂದಿನಿಂದ ನೀನು ಆಂಪ್ಲಿಫೈಯರ್ ಮುಟ್ಟಲಿಲ್ಲ. ಹಾರ್ನು, ಹೆಡ್‌ಲೈಟು, ಅಷ್ಟೇ.

ಈಗ ನಿನ್ನ ಮಗಳು ಗೌರಿ ಡಿಪ್ಲೊಮಾ ಮುಗಿಸಿ ಅಂಗಡಿಯಲ್ಲಿ ಕೂರುತ್ತಾಳೆ. ಹೋದ ವಾರ ಬೀಳಗಿಯವರೊಬ್ಬರು ಕಾರಿಗೆ ಸಬ್‌ವೂಫರ್ ಹಾಕಿಸಲು ಬಂದರು. ಅವಳು ಒಲ್ಲೆನೆಂದಳು. "ಅಪ್ಪಗ ತಿಳೀಲಿಲ್ಲ ಕಾಕಾ, ನನಗೇನ್ ತಿಳೀತೈತಿ?"

ನನ್ನ ಸುಳ್ಳು ಅವಳ ಕೈಯನ್ನೂ ಕಟ್ಟಿತ್ತು. ಅಲ್ಲೇ ಎಲ್ಲ ಹೇಳಿದೆ.

"ಅಪ್ಪ ಇದ್ದಾಗ ಯಾಕ ಹೇಳಲಿಲ್ರಿ?"

ಅದಾದ ನಾಲ್ಕನೆಯ ದಿನ ಅವಳು ನಿನ್ನ ಮೀಟರ್ ಒರೆಸುತ್ತ, "ಆ ಬೀಳಗಿಯವರನ್ನ ಕರೀರಿ. ನೀವು ದೂರ ನಿಂದರ್ರಿ, ವೈರ್ ಮುಟ್ಟಬ್ಯಾಡ್ರಿ," ಎಂದಳು. ದೂರವೇ ನಿಂತೆ. ಅವಳು ಜೋಡಿಸಿದಳು, ಒಂದು ತಾಸು ಹಚ್ಚಿ ಬಿಟ್ಟಳು, ಆಂಪ್ಲಿಫೈಯರ್ ಮೇಲೆ ಅಂಗೈ ಇಟ್ಟು ನೋಡಿ, ನಾನು ನಿಜ ಹೇಳಿದ ಮೇಲೆ ಮೊದಲ ಸಲ ನಕ್ಕಳು.

ನಿನ್ನ ಕೈಯಿಂದಲೇ ಸುಟ್ಟಿತೆಂದು ನಂಬಿರುವ ಮಲ್ಲಪ್ಪನಿಗೆ ಇನ್ನೂ ಹೇಳಿಲ್ಲ. ನಾಳೆ ಬೆಳಗಲಿಗೆ ಹೋಗುತ್ತೇನೆ. ಗೌರಿಯೂ ಬರುತ್ತಾಳಂತೆ — ನಾನು ಪೂರ್ತಿ ಹೇಳುತ್ತೇನೋ, ಅರ್ಧಕ್ಕೇ ಬಿಡುತ್ತೇನೋ ನೋಡಲು.