ಗ್ಯಾರತ್ ಮತ್ತೆ ಮೈದಾನಕ್ಕಿಳಿದ ಗುರುವಾರ

ಬಹರೈನಿಗೆ ಬಂದ ಮೊದಲ ವಾರದಲ್ಲೇ ನಾನೊಂದು ಹೊಡೆದಾಟ ಕಂಡೆ. ಗಂಡ ವಿಲ್ಲಿ ನನಗೆ ಊರು ತೋರಿಸಲೆಂದು ಕಾರಿನಲ್ಲಿ ಕರೆದುಕೊಂಡು ಹೊರಟಿದ್ದರು. ರಸ್ತೆ ಬದಿಯ ಮರಳು ಬಯಲಿನಲ್ಲಿ ಚಡ್ಡಿ ತೊಟ್ಟ ದಾಂಡಿಗರ ಗುಂಪೊಂದು ಒಬ್ಬನನ್ನು ಕೆಡವಿ, ಅವನ ಮೇಲೆ ರಾಶಿಯಾಗಿ ಬಿದ್ದಿತ್ತು. ಅಡಿಯಲ್ಲಿದ್ದವನ ಒಂದು ಕಾಲು ಮಾತ್ರ ಹೊರಗಿತ್ತು.

"ಕಾರು ನಿಲ್ಲಿಸಿ! ಪೊಲೀಸರಿಗೆ ಹೇಳಿ, ಅವನನ್ನು ಕೊಲ್ತಾ ಇದ್ದಾರೆ!" ಎಂದು ಕಿರುಚಿದೆ.

"ಆಟ ಮಾರಾಯ್ತಿ ಅದು. ರಗ್ಬಿ ಅಂತ," ಎಂದರು ವಿಲ್ಲಿ.

"ಇದೆಂತ ಆಟ?"

"ನಂಗೂ ಗೊತ್ತಿಲ್ಲ. ಕೊನೆಗೆ ಎಲ್ಲರೂ ಎದ್ದು ಕೈ ಕುಲುಕ್ತಾರೆ, ಅಷ್ಟು ನೋಡಿದ್ದೇನೆ."

ಮನೆಯಲ್ಲಿ ನಮ್ಮದು ಕೊಂಕಣಿ; ನಿಮಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಬಂಟ್ವಾಳದಲ್ಲಿ ಹುಟ್ಟಿ ಮಂಗಳೂರಿನಲ್ಲಿ ಫಿಸಿಯೋಥೆರಪಿ ಕಲಿತ ನನಗೆ ತೊಂಬತ್ತರ ದಶಕದ ಆ ಮೊದಲ ಬೇಸಿಗೆಯಲ್ಲಿ ಎಲ್ಲವೂ ತಲೆಕೆಳಗಾಗಿ ಕಂಡಿತು. ಊರಿನಲ್ಲಿ ಬಿಸಿನೀರು ಬೇಕೆಂದರೆ ಹಂಡೆಯ ಅಡಿಗೆ ಬೆಂಕಿ ಹಾಕಬೇಕು. ಬುಸೈತೀನಿನ ನಮ್ಮ ಫ್ಲಾಟಿನಲ್ಲಿ ತಾರಸಿಯ ಟ್ಯಾಂಕಿ ಬಿಸಿಲಿಗೆ ಕಾದು, ತಣ್ಣೀರಿನ ನಲ್ಲಿ ತಿರುಗಿಸಿದರೆ ಕೈ ಸುಡುತ್ತಿತ್ತು. ಮೇಲಿನ ಮನೆಯ ಉಡುಪಿಯ ಜಯಂತಿ ಅಕ್ಕ ಉಪಾಯ ಹೇಳಿಕೊಟ್ಟರು: "ಗೀಸರಿನ ಸ್ವಿಚ್ಚು ಹಾಕ್ಲೇಬೇಡ ಮಾರಾಯ್ತಿ. ಅದರೊಳಗೆ ನೀರು ನಿಂತು ತಣ್ಣಗಾಗ್ತದೆ. ಬೇಸಿಗೆಯಲ್ಲಿ ಅದೇ ನಮ್ಮ ಬಾವಿ." ಕುಚ್ಚಲಕ್ಕಿ ಸಿಗುವ ಅಂಗಡಿಯನ್ನೂ ಅವರೇ ತೋರಿಸಿದರು. ಅಲ್ಲಿಯ ತನಕ ಮೀನಿನ ಸಾರಿಗೆ ಖುಬೂಸ್ ಎಂಬ ಅರಬ್ಬಿ ರೊಟ್ಟಿಯನ್ನೇ ಅದ್ದಿಕೊಂಡು ತಿಂದೆವು. ಈಗ ಅದೂ ನಾಲಗೆಗೆ ಹಿಡಿಸಿದೆ.

ರಾಜಧಾನಿ ಮನಾಮಾದ ಕ್ಲಿನಿಕ್ಕಿನಲ್ಲಿ ಕೆಲಸ ಸಿಕ್ಕಿತು. ಸೊಂಟನೋವಿನ ಬಹರೈನಿ ಅಜ್ಜಿಯರಿಂದ ನಾನು ಕಲಿತ ಮೊದಲ ಅರಬ್ಬಿ ಮಾತು "ಶ್ವಯ್ ಶ್ವಯ್" – ನಿಧಾನ, ನಿಧಾನ. ಅವರು ನಕ್ಕು ಕೆನ್ನೆ ಸವರುತ್ತಿದ್ದರು. ಗಂಡಸರ ವಿಷಯ ಬೇರೆ. ಹೊಸಬಳು, ಸಣ್ಣ ಆಳು, ಇವಳೇನು ಮಾಡಿಯಾಳು ಎಂದು ಬೇರೆ ಥೆರಪಿಸ್ಟನ್ನು ಕೇಳುತ್ತಿದ್ದರು. ಖಾಲಿ ಮಂಚದ ಪಕ್ಕ ನಿಂತು, ಊರಿಗೆ ವಾಪಸು ಹೋಗಿಬಿಡಲೇ ಎಂದು ಎಷ್ಟು ಸಲ ಯೋಚಿಸಿದೆನೋ.

ಆ ಮಂಚದ ಮೇಲೆ ಬಂದು ಕೂತವನು ಗ್ಯಾರತ್. ವೇಲ್ಸಿನವನು, ಬಾಗಿಲು ತುಂಬುವ ದೇಹ, ಚಪ್ಪಟೆ ಮೂಗು. ತೈಲ ಕಂಪೆನಿಯ ಊರಾದ ಅವಾಲಿಯಲ್ಲಿ ಬೆಂಕಿ ಆರಿಸುವವರಿಗೆ ತರಬೇತಿ ಕೊಡುತ್ತಿದ್ದ. ಅವನ ಇಂಗ್ಲಿಷು ನನಗೆ ತಿಳಿಯಲಿಲ್ಲ, ನನ್ನದು ಅವನಿಗೆ ತಿಳಿಯಲಿಲ್ಲ. ಮೊಣಕಾಲು ಮುಟ್ಟಿದೆ, ಹಲ್ಲು ಕಚ್ಚಿದ. ಅಲ್ಲಿಗೆ ಮಾತು ಶುರುವಾಯಿತು.

"ನಿಮ್ಮ ಕಾಲು ಹೀಗಾದದ್ದು ಆ ಮರಳಿನ ಮೈದಾನದಲ್ಲಾ?" ಎಂದು ಕೇಳಿದೆ.

"ಇದು ಹಳೆಯ ಪೆಟ್ಟು. ಅಲ್ಲಿ ನನಗೆ ಆಡುವ ಹಕ್ಕಿಲ್ಲ, ಮೇಡಂ," ಎಂದ.

ಅವನ ಕಥೆ ವಾರಕ್ಕಿಷ್ಟು ಹೊರಬಂತು. ರಗ್ಬಿ ಎಂದರೆ ಒಂದಲ್ಲ, ಎರಡು. ಹದಿನೈದು ಜನರ 'ಯೂನಿಯನ್' ಅವನ ಹಳ್ಳಿಯ ಆಟ. ಅಲ್ಲಿ ಆಡಿದ್ದಕ್ಕೆ ಸಂಬಳ ತೆಗೆದುಕೊಳ್ಳುವಂತಿರಲಿಲ್ಲ. ಹದಿಮೂರು ಜನರ 'ಲೀಗ್' ಇಂಗ್ಲೆಂಡಿನ ಉತ್ತರದ್ದು, ಅಲ್ಲಿ ಸಂಬಳವಿತ್ತು. ಗಣಿ ಮುಚ್ಚಿ ಅಪ್ಪ ಮನೆಯಲ್ಲಿ ಕೂತಾಗ ಗ್ಯಾರತ್ ಉತ್ತರಕ್ಕೆ ಹೋದ. ಲೀಗಿಗೆ ಹೋದವನು ಜೀವಮಾನವಿಡೀ ಯೂನಿಯನ್ನಿಗೆ ಮರಳುವಂತಿಲ್ಲ ಎಂಬುದು ಆಗಿನ ನಿಯಮ. ಅವನಿಗೆ ಚೆಂಡು ಹಿಡಿಯಲು ಕಲಿಸಿದ ಕ್ಲಬ್ಬೇ ಬಾಗಿಲು ಮುಚ್ಚಿತು.

ನಾನು ಅಯ್ಯೋ ಎಂದಾಗ ಅವನಿಗೆ ಸಿಟ್ಟು ಬಂತು. "ಪಾಪ ಅನ್ನಬೇಡಿ. ಉತ್ತರದವರು ನನಗೆ ಅನ್ನ ಹಾಕಿದರು, ಆಟ ಕಲಿಸಿದರು. ನನ್ನ ಒಳ್ಳೆಯ ವರ್ಷಗಳು ಅವು." ಕಾಲನ್ನು ಮಂಚದಿಂದ ಇಳಿಸುತ್ತ ಹೇಳಿದ: "ತಮ್ಮನ ಜೊತೆ ಒಂದು ಆಟವೂ ಆಡಲಿಲ್ಲ. ಅಷ್ಟೇ."

ನಾನು ಬಂಟ್ವಾಳದಿಂದ ಹೊರಟಾಗ ಅಮ್ಮ ಅತ್ತಿದ್ದರು. ಆದರೆ ನೆರೆಮನೆಯವರೆಲ್ಲ ಮೆರವಣಿಗೆಯಂತೆ ಬಂದು ಬಸ್ಸು ಹತ್ತಿಸಿದ್ದರು. ಹೊಟ್ಟೆಪಾಡಿಗೆ ಹೊರಟವನನ್ನು ಹೊರಗೆ ಹಾಕುವ ಊರೂ ಇದೆಯೆಂದು ನನಗೆ ಗ್ಯಾರತನಿಂದಲೇ ತಿಳಿದದ್ದು.

ಬಹರೈನಿನ ಆ ಮರಳಿನಲ್ಲಿ ಆಡುತ್ತಿದ್ದದ್ದೂ ಯೂನಿಯನ್ನೇ. ಇಲ್ಲಿಯ ಆಟಗಾರರು "ಬಾ, ಇಷ್ಟು ದೂರ ಯಾರು ನೋಡುತ್ತಾರೆ" ಎಂದು ಕರೆಯುತ್ತಿದ್ದರು. ತನ್ನ ಜೊತೆ ಆಡಿದವರಿಗೂ ಶಿಕ್ಷೆ ತಗಲೀತೆಂದು ಅವನು ಮೈದಾನದ ಗೆರೆ ದಾಟುತ್ತಿರಲಿಲ್ಲ. ಗೆರೆಯಾಚೆ ನಿಂತು ಆಟಗಾರರಿಗೆ ಕಿತ್ತಳೆ ಹೆಚ್ಚಿಕೊಡುತ್ತಿದ್ದ. ಮೊಣಕಾಲು ಬಗ್ಗತೊಡಗಿದಾಗ ಆ ತಂಡವನ್ನೆಲ್ಲ ನನ್ನ ಬಳಿಗೆ ಕಳುಹಿಸಿದ. ಖಾಲಿ ಮಂಚದ ಮುಂದೆ ಸರದಿ ಶುರುವಾಯಿತು. ಇಂದು ಈ ಊರಿನಲ್ಲಿ ನಾನು ತಲೆಯೆತ್ತಿ ನಡೆಯುತ್ತಿದ್ದರೆ ಅದರಲ್ಲಿ ಅವನ ಪಾಲು ದೊಡ್ಡದು.

ತೊಂಬತ್ತೈದರಲ್ಲಿ ಒಂದು ಬೆಳಿಗ್ಗೆ ಅವನು ಹೇಳದೆ ಕೇಳದೆ ಕ್ಲಿನಿಕ್ಕಿಗೆ ನುಗ್ಗಿದ. "ಲಂಡನ್ ರೇಡಿಯೋ ಕೇಳಿದಿರಾ? ನಿಯಮ ತೆಗೆದರು! ಯೂನಿಯನ್ನಿನವರೂ ಸಂಬಳ ಪಡೆಯಬಹುದಂತೆ. ನಮ್ಮಂಥವರೂ ಮರಳಬಹುದಂತೆ!" ಚಳಿಗಾಲದಲ್ಲಿ ತಮ್ಮ ಹ್ಯೂ ಬಹರೈನಿಗೆ ಬರುವವನಿದ್ದ. "ಆಡಬಹುದಾ ಅಂತ ಕೇಳುತ್ತಿಲ್ಲ. ಎಷ್ಟು ಹೊತ್ತು, ಅಷ್ಟು ಹೇಳಿ."

ಆಗಲೇ ಅವನಿಗೆ ನಲವತ್ತರ ಹತ್ತಿರ. ಬೇಡ ಎನ್ನುವುದು ನನ್ನ ಧರ್ಮ. ಅವನ ಮುಖ ನೋಡಿದೆ. "ಅರ್ಧ ಆಟ. ಅದರ ಮೇಲೆ ಒಂದು ಹೆಜ್ಜೆ ಓಡಿದರೂ ಇನ್ನು ನನ್ನ ಹತ್ತಿರ ಬರಬೇಡಿ," ಎಂದೆ.

ಹ್ಯೂ ಬಂದ ವಾರದ ಗುರುವಾರ ಸಂಜೆ ನಾನೂ ವಿಲ್ಲಿಯೂ ಗೆರೆಯ ಪಕ್ಕ ಐಸಿನ ಪೆಟ್ಟಿಗೆ ಇಟ್ಟುಕೊಂಡು ಕೂತೆವು. ಚೆಂಡು ಕೈಗೆ ಬಂದೊಡನೆ ಗ್ಯಾರತನನ್ನು ಕೆಡವಿದರು. ನಾನು ಐಸಿನ ಪೆಟ್ಟಿಗೆಗೆ ಕೈ ಹಾಕಿದೆ. ಅವನು ಎದ್ದು, ಚೆಂಡನ್ನು ನೆಲಕ್ಕಿಟ್ಟು, ಹಿಮ್ಮಡಿಯಿಂದ ಹಿಂದಕ್ಕೆ ತಳ್ಳಿದ. ರೆಫರಿ ಸೀಟಿ ಊದಿದ. ಮೈದಾನವೆಲ್ಲ ನಗು.

"ಎಂತ ಆಯ್ತು?" ವಿಲ್ಲಿ ಕೇಳಿದರು.

"ಅದು ಲೀಗಿನ ಕ್ರಮ. ಯೂನಿಯನ್ನಿನಲ್ಲಿ ಬಿದ್ದವ ಚೆಂಡು ಬಿಡ್ಬೇಕು," ಎಂದೆ.

"ಪೊಲೀಸರನ್ನು ಕರೀಲಿಕ್ಕೆ ಹೊರಟವಳು ನೀನಾ ಇದು?"

ಹ್ಯೂ ನಕ್ಕು ನಕ್ಕು ಮರಳಿನಲ್ಲಿ ಕುಸಿದಿದ್ದ. ಅವನನ್ನು ಎಬ್ಬಿಸಿದ್ದು ಗ್ಯಾರತ್. ಕೊಂಚ ಹೊತ್ತಿನಲ್ಲೇ ಗ್ಯಾರತ್ ಎದುರಾಳಿಗಳಿಬ್ಬರನ್ನು ಮೈಮೇಲೆ ಎಳೆದುಕೊಂಡು, ಬೀಳುವ ಮುನ್ನ ಚೆಂಡನ್ನು ಪಕ್ಕಕ್ಕೆ ಎಸೆದ. ಹ್ಯೂ ಅದನ್ನು ಹಿಡಿದು ಓಡಿ, ಎದುರಾಳಿಗಳ ಕೊನೆಯ ಗೆರೆಯಾಚೆ ಬಿದ್ದು ಅಂಕ ಗಳಿಸಿದ. ಗ್ಯಾರತ್ ಅಲ್ಲಿಗೆ ಓಡಲಿಲ್ಲ. ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ನಿಂತಲ್ಲೇ ನಿಂತ. ಅರ್ಧ ಆಟ ಮುಗಿದಾಗ ಎಲ್ಲರೂ "ಇನ್ನು ಸ್ವಲ್ಪ" ಎಂದು ಕಾಡಿದರು. ಅವನು ಬಂದು ನನ್ನ ಮುಂದೆ ಕಾಲು ಚಾಚಿ ಕೂತು, "ಐಸು ಇಡಿ ಮೇಡಂ. ನನಗೆ ಬೇಕಾದದ್ದು ಸಿಕ್ಕಿತು," ಎಂದ.

ಕ್ರಿಸ್ಮಸ್ಸಿಗೆ ಅವನು ಹಳ್ಳಿಗೆ ಹೋಗಿಬಂದ. ಕ್ಲಬ್ಬಿನ ಬಾಗಿಲಲ್ಲೇ ಮುದುಕರು ಅಪ್ಪಿಕೊಂಡರಂತೆ. "ಇನ್ನೂ ಎಷ್ಟು ದಿನ ಇರುತ್ತೀ ಎಂದು ಕೇಳಿದರು. ಮಂಗಳವಾರ ಮನೆಗೆ ಹೋಗುತ್ತೇನೆ ಎಂದುಬಿಟ್ಟೆ. ಮನೆ ಅಂದದ್ದು ಅವಾಲಿಯನ್ನು!" ಎಂದು ನಕ್ಕ.

ಮರುವರ್ಷ ನಾನು ರಜೆಗೆ ಬಂಟ್ವಾಳಕ್ಕೆ ಬಂದೆ. ಬಹರೈನಿನಲ್ಲಿ ವಾರದ ರಜೆ ಶುಕ್ರವಾರ; ಇಗರ್ಜಿಯ, ಎಂದರೆ ಚರ್ಚಿನ, ದೊಡ್ಡ ಪೂಜೆಯೂ ಅಂದೇ. ಒಂದು ಶುಕ್ರವಾರ ಬೇಗ ಎದ್ದು, ಮಿಂದು, ಒಳ್ಳೆಯ ಸೀರೆ ಉಟ್ಟು, ಅಮ್ಮ ಹಿತ್ತಲಿನಲ್ಲಿದ್ದಾಗಲೇ ಇಗರ್ಜಿಗೆ ನಡೆದೆ. ಬಾಗಿಲು ಹಾಕಿತ್ತು. ಅಂಗಳ ಗುಡಿಸುತ್ತಿದ್ದ ಹೆಂಗಸು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಇವತ್ತು ಎಂತ ವಿಶೇಷ ಬಾಯಮ್ಮ?" ಎಂದಳು. ಊರಿನಲ್ಲಿ ದೊಡ್ಡ ಪೂಜೆ ಭಾನುವಾರವೆಂಬುದು ಆಗ ನೆನಪಾಯಿತು. ಮೆಟ್ಟಿಲ ಮೇಲೆ ಕೂತು, ಅಲ್ಲಿ ಈಗಷ್ಟೇ ಬೆಳಗಾಗುತ್ತಿರಬಹುದು, ಪೂಜೆ ಮುಗಿಸಿ ಬರುವವರಿಗೆ ಜಯಂತಿ ಅಕ್ಕ ಚಹಾಕ್ಕೆ ಇಡುವ ಹೊತ್ತು ಇನ್ನು ಬರಬೇಕು ಎಂದು ನೆನೆದೆ.