ಲೊರೀನಳ ಐದು ದೀಪಗಳು

ಲೊರೀನ್ ಹಾಸ್ಕಿನ್ಸ್ ಸಿನಿಮಾ ನೋಡಲು ಕೂತಳೆಂದರೆ ಬೀನ್ಸ್ ಕಾಳು ಆರಿಸಲು ಕೂತಂತೆ. ಒಂದು ಕಲ್ಲೂ ತಪ್ಪಿಸಿಕೊಳ್ಳಬಾರದು. ಕನ್ನಡಕ ಮೂಗಿನ ತುದಿಗೆ ಇಳಿದಿರುತ್ತದೆ. ಮಡಿಲ ಹಲಗೆಯ ಮೇಲೆ ಆರು ಕಾಲಂಗಳ ಹಾಳೆ: ಬೈಗುಳ, ಹಿಂಸೆ, ಉಡುಪು, ಕುಡಿತ, ಸರಸ, ಇತರೆ. ಬಲಗೈಯಲ್ಲಿ ಪೆನ್ಸಿಲ್, ಎಡಗೈಯಲ್ಲಿ ಉಕ್ಕಿನ ಪುಟ್ಟ ಕೌಂಟರ್. ಹೆಬ್ಬೆರಳಿನಿಂದ ಒತ್ತಿದರೆ ಅದು ಟಿಕ್ ಎಂದು ಒಂದಂಕಿ ಮುಂದೆ ಹೋಗುತ್ತದೆ.

ನಮ್ಮ ಓಜಾರ್ಕ್ ಗುಡ್ಡಗಳ ನಲವತ್ತು ಚರ್ಚುಗಳಿಗೆ ಹೋಗುವ 'ಮನೆದೀಪ' ಎಂಬ ನಾಲ್ಕು ಪುಟದ ಪತ್ರಿಕೆಗೆ ಅವಳು ಹತ್ತೊಂಬತ್ತು ವರ್ಷಗಳಿಂದ ಚಿತ್ರಗಳನ್ನು ತೂಗಿ ನೋಡುತ್ತಿದ್ದಳು. ಮಕ್ಕಳನ್ನು ಕೂರಿಸಿಕೊಂಡು ನೋಡಬಹುದೇ, ಬಾರದೇ? ಸೊನ್ನೆಯಿಂದ ಐದರವರೆಗೆ ದೀಪಗಳು. ಕುರುಬನೊಬ್ಬ "ಅಯ್ಯೋ ದೇವರೇ" ಎಂದದ್ದು ಪ್ರಾರ್ಥನೆಯೋ ಸಿಡುಕೋ ಎಂದು ಆರು ಸಲ ತಿರುಗಿಸಿ ಕೇಳಿ, ಸಿಡುಕೇ ಎಂದು ತೀರ್ಮಾನಿಸಿ ಒಂದು ದೀಪ ಕಿತ್ತುಕೊಂಡವಳು ಅವಳು. ಯೇಸು ನೀರನ್ನು ದ್ರಾಕ್ಷಾರಸ ಮಾಡಿದ ದೃಶ್ಯಕ್ಕೂ ಕುಡಿತದ ಕಾಲಂನಲ್ಲಿ ಒಂದು ಗೆರೆ ಎಳೆದು, ಪಕ್ಕದಲ್ಲಿ "ಬೈಬಲಿನಲ್ಲೇ ಇದೆ" ಎಂದು ಬರೆದಿದ್ದಳು. ನಾವು ನಗುತ್ತಿದ್ದೆವು, ನಿಜ. ಆದರೆ ಲೊರೀನಳ ದೀಪ ಎಣಿಸದೆ ನಮ್ಮಲ್ಲಿ ಯಾರೂ ಸಿನಿಮಾ ಹಾಕುತ್ತಿರಲಿಲ್ಲ.

ಆ ಆಗಸ್ಟ್ ತಿಂಗಳ ಮಂಗಳವಾರ ಅವಳ ಅಳಿಯ ಟ್ರೆಂಟ್ ಜಗಲಿ ಹತ್ತಿ ಬಂದ. ಕೈಯಲ್ಲಿ ಒಂದು ಚೀಲ ಪೀಚ್ ಹಣ್ಣು, ಇನ್ನೊಂದು ಕೈಯಲ್ಲಿ ಮಡಿಸಿದ 'ಮನೆದೀಪ'. ಮಗಳು ಕೆಂಡ್ರಾ ಅವನನ್ನು ಬಿಟ್ಟು ತಾಯಿಯ ಮನೆಗೆ ಬಂದು ಎಂಟು ವಾರವಾಗಿತ್ತು. ಬಂದಾಗ ಮಣಿಕಟ್ಟಿಗೆ ಪ್ಲಾಸ್ಟರ್ ಇತ್ತು. ಮೆಟ್ಟಿಲಿನಿಂದ ಬಿದ್ದೆ ಎಂದು ಈ ಸಲ ಅವಳು ಹೇಳಲಿಲ್ಲ. ಏನನ್ನೂ ಹೇಳಲಿಲ್ಲ.

"ಅಮ್ಮಾ, ಚೆನ್ನಾಗಿದೀರಾ? ನಮ್ಮ ಮರದ್ದೇ ಹಣ್ಣು, ತಗೊಳಿ," ಎಂದ ಟ್ರೆಂಟ್. ಮದುವೆಯ ದಿನದಿಂದಲೂ ಅವನು ಅವಳನ್ನು ಹೆತ್ತ ಮಗಳಿಗಿಂತ ಮುದ್ದಾಗಿ ಅಮ್ಮಾ ಎನ್ನುತ್ತಿದ್ದ. ಬಾಗಿಲಿಗೆ ಬಂದು ನಿಂತ ಹೆಂಡತಿಯನ್ನು ನೋಡಿ ಟೋಪಿ ತೆಗೆದ. "ಕೆನ್, ಒಂದೇ ಒಂದು ಸಂಜೆ ಕೇಳ್ತಿದೀನಿ. ಶುಕ್ರವಾರ ಚರ್ಚ್‌ನಲ್ಲಿ 'ಲೇಯಾಳ ತಾಳ್ಮೆ' ಹಾಕ್ತಾರೆ. ಎಲ್ಲರ ಎದುರಿಗೇ ಕೂರೋದು. ನೋಡಿದ್ಮೇಲೂ ಬರಲ್ಲ ಅಂದ್ರೆ ಮತ್ತೆ ಕೇಳಲ್ಲ. ನಿಮ್ಮಮ್ಮ ಏನು ಬರ್ದಿದಾರೆ ಕೇಳು."

ಪತ್ರಿಕೆ ಬಿಡಿಸಿ ಓದಿದ: "'ಒಡೆದ ಸಂಸಾರವನ್ನು ದೇವರು ಹೇಗೆ ಕೂಡಿಸುತ್ತಾನೆಂದು ತೋರಿಸುವ ಚಿತ್ರ. ಗಂಡಹೆಂಡಿರು ಜೊತೆಗೆ ಕೂತು ನೋಡಬೇಕು. ಐದು ದೀಪ.' ಇದು ನಿಮ್ಮದೇ ಮಾತು ತಾನೇ ಅಮ್ಮಾ?"

ಅದು ಲೊರೀನ್ ಏಪ್ರಿಲ್‌ನಲ್ಲಿ ಬರೆದದ್ದು. "ನಂದೇ," ಎಂದಳು.

"ನೀನು ಐದು ಕೊಡೋದೇ ಇಲ್ವಲ್ಲಮ್ಮ," ಎಂದಳು ಕೆಂಡ್ರಾ.

"ನಾಲ್ಕು ಸಲ ಕೊಟ್ಟಿದ್ದೆ. ಇದು ಐದನೇದು."

ಕೆಂಡ್ರಾ ಗಂಡನ ಕಡೆ ನೋಡಲಿಲ್ಲ, ತಾಯಿಯನ್ನೇ ಬಹಳ ಹೊತ್ತು ನೋಡಿದಳು. "ಸರಿ, ಬರ್ತೀನಿ," ಎಂದು ಒಳಗೆ ಹೋದಳು. ಟ್ರೆಂಟ್ ಪತ್ರಿಕೆಯನ್ನು ನೀಟಾಗಿ ಮಡಿಸಿ ಅಂಗಿಯ ಜೇಬಿಗಿಟ್ಟುಕೊಂಡು ಮೆಟ್ಟಿಲಿಳಿದ.

ಮಗಳು ದಂತವೈದ್ಯರ ಆಫೀಸಿಗೆ ಕೆಲಸಕ್ಕೆ ಹೋದಮೇಲೆ ಲೊರೀನ್ ಪರದೆ ಎಳೆದು ಆ ಚಿತ್ರವನ್ನು ಮತ್ತೆ ಹಾಕಿದಳು. ಏಪ್ರಿಲ್‌ನ ಹಾಳೆಯನ್ನೂ ಹುಡುಕಿ ಪಕ್ಕದಲ್ಲಿಟ್ಟುಕೊಂಡಳು. ಬೈಗುಳ: ಸೊನ್ನೆ. ಕುಡಿತ: ಸೊನ್ನೆ. ಸರಸ: ಸೊನ್ನೆ. ಹಿಂಸೆ: ಒಂದು, ಮುಚ್ಚಿದ ಬಾಗಿಲ ಹಿಂದೆ, ಕಾಣಿಸುವುದಿಲ್ಲ. ಇಷ್ಟು ಶುಭ್ರವಾದ ಹಾಳೆ ಅವಳ ಕೈಗೆ ಬಂದದ್ದೇ ಅಪರೂಪ. ಕೊನೆಯಲ್ಲಿ ಅತ್ತಿದ್ದೂ ನೆನಪಾಯಿತು.

ಕಥೆ ಸುಲಭದ್ದು. ಲೇಯಾಳ ಗಂಡ ಮುಂಗೋಪಿ. ಒಂದು ದಿನ ಕೋಣೆಯ ಬಾಗಿಲು ಮುಚ್ಚುತ್ತದೆ. ಲೇಯಾ ಮನೆ ಬಿಡುತ್ತಾಳೆ. ಚರ್ಚಿನ ಅಜ್ಜಿಯೊಬ್ಬಳು "ನಿನ್ನ ಗಂಡನಿಗಾಗಿ ಮನಸಾರೆ ಪ್ರಾರ್ಥಿಸಿದೆಯಾ?" ಎಂದು ಕೇಳುತ್ತಾಳೆ. ಲೇಯಾ ಕರಗಿ ಹಿಂದಿರುಗಿ ಬರುತ್ತಾಳೆ. ಗಂಡ ಬಾಗಿಲು ತೆರೆದು ತಬ್ಬಿಕೊಳ್ಳುತ್ತಾನೆ. ಹಾಡು, ಮುಗಿಯಿತು.

ಈ ಸಲ ಲೊರೀನ್ ಬಾಗಿಲು ಮುಚ್ಚಿದ ದೃಶ್ಯದಲ್ಲಿ ನಿಲ್ಲಿಸಿದಳು. ಬಾಗಿಲಿಗೆ ತೂಗುಹಾಕಿದ್ದ ದುಂಡನೆಯ ಹೂಮಾಲೆ ವಾಲಿ ನಿಂತಿತ್ತು. ಮತ್ತೆ ಹಾಕಿದಳು. ಮುಂದಿನ ದೃಶ್ಯ ಮರುದಿನದ ಬೆಳಗಿನ ತಿಂಡಿಯದು. ಬೇಸಿಗೆ, ಫ್ಯಾನ್ ತಿರುಗುತ್ತಿದೆ, ಮಕ್ಕಳು ಬನಿಯನ್‌ನಲ್ಲಿ ಕೂತಿದ್ದಾರೆ. ಲೇಯಾ ಮಣಿಕಟ್ಟಿನವರೆಗೆ ಗುಂಡಿ ಹಾಕಿದ ತುಂಬುತೋಳಿನ ಅಂಗಿ ತೊಟ್ಟು ಪ್ಯಾನ್‌ಕೇಕ್ ಮಗುಚುತ್ತಿದ್ದಾಳೆ.

ಉಡುಪಿನ ಕಾಲಂನಲ್ಲಿ ಲೊರೀನಳದೇ ಅಕ್ಷರ ದುಂಡಗೆ ಕೂತಿತ್ತು: "ನಾಯಕಿಯದು ಉದ್ದಕ್ಕೂ ತುಂಬುತೋಳು. ಮಾನವಂತ ಉಡುಪು. ಮೆಚ್ಚಬೇಕಾದ್ದು."

ಅವಳು ಪೆನ್ಸಿಲ್ ಕೆಳಗಿಟ್ಟಳು. ಎರಡು ವರ್ಷದ ಹಿಂದೆ, ಜುಲೈ ನಾಲ್ಕರ ಸ್ವಾತಂತ್ರ್ಯೋತ್ಸವದ ಊಟ. ಚರ್ಚಿನ ಹಿತ್ತಲಲ್ಲಿ ಬೆಂಕಿಯಂಥ ಬಿಸಿಲು, ಹೆಂಗಸರೆಲ್ಲ ತೋಳಿಲ್ಲದ ಅಂಗಿಯಲ್ಲಿ ಬೀಸಣಿಗೆ ಬೀಸಿಕೊಳ್ಳುತ್ತಿದ್ದಾರೆ. ಕೆಂಡ್ರಾ ಮಾತ್ರ ತುಂಬುತೋಳು. ಅವಳೇ, ಈ ಲೊರೀನೇ, ಎಲ್ಲರಿಗೂ ಕೇಳುವ ಹಾಗೆ "ನೋಡಿ ನನ್ನ ಮಗಳನ್ನ, ಹೇಗೆ ಉಡ್ಬೇಕು ಅಂತ ಕಲೀರಿ" ಎಂದಿದ್ದಳು. ಅದಾಗಿ ಒಂದು ವಾರಕ್ಕೆ ಕೆಂಡ್ರಾ ಒಂದು ಚೀಲ ಹಿಡಿದು ಬಂದು "ಜಗಳ ಆಯ್ತಮ್ಮ" ಎಂದಾಗ, ಒಂದು ತುಂಡು ಪೈ ತಿನ್ನಿಸಿ, "ತಾಳ್ಮೆ ತಗೋ ಮಗಳೇ, ಪ್ರಾರ್ಥನೆ ಮಾಡು" ಎಂದು ಸ್ವಂತ ಕಾರಿನಲ್ಲಿ ಅದೇ ಬಾಗಿಲಿಗೆ ಬಿಟ್ಟು ಬಂದಿದ್ದಳು. ಹತ್ತೊಂಬತ್ತು ವರ್ಷ ತೆರೆಯ ಮೇಲಿನ ತೋಳು ಅಳೆದವಳಿಗೆ ಮಗಳ ತೋಳು ಕಂಡಿರಲಿಲ್ಲ. ಲೊರೀನ್ ಸೋಫಾದ ಮೇಲೆ ಮುದುಡಿ ಕೂತು ಅತ್ತಳು, ತನ್ನ ಮೇಲಿನ ಹೇಸಿಗೆಯಿಂದ ಅತ್ತಳು.

ಬುಧವಾರ ಪತ್ರಿಕೆಯ ಸಂಪಾದಕ ಬ್ರದರ್ ಗಾರ್ಲಂಡ್‌ಗೆ ಫೋನ್ ಮಾಡಿದಳು. ದೀಪ ವಾಪಸ್ ತಗೋಬೇಕು ಎಂದಳು.

"ಯಾಕೆ ಸಿಸ್ಟರ್, ಏನಾದ್ರೂ ಬೈಗುಳ ಬಿಟ್ಟುಹೋಯ್ತಾ?"

"ಇಲ್ಲ."

"ಮತ್ತೆ ಯಾವ ಕಾಲಂಗೆ ಹಾಕೋಣ ಹೇಳಿ."

"ಅದಕ್ಕೆ ಕಾಲಂ ಇಲ್ಲ ಬ್ರದರ್. ಹೊಡ್ತ ತಿಂದವಳು ತಾನೇ ತಪ್ಪು ಮಾಡ್ದೆ ಅಂತ ಹೋಗ್ತಾಳೆ. ಹೊಡ್ದವನು ಬಾಗಿಲು ತೆಗೀತಾನೆ, ಅಷ್ಟೇ. ಅದನ್ನ ನಾವು ಒಳ್ಳೇದು ಅಂದ್ವಿ."

ಆ ಕಡೆ ನಿಟ್ಟುಸಿರು ಕೇಳಿಸಿತು. "ನಿಮ್ಮನೆ ವಿಷಯ ನನ್ನ ಕಿವೀಗೂ ಬಿದ್ದಿದೆ ಸಿಸ್ಟರ್. ಮನಸ್ಸು ನೊಂದಿದೆ, ಪಾಪ. ಆ ನೋವನ್ನ ಸಿನಿಮಾ ಮೇಲೆ ತೀರಿಸ್ಕೋಬೇಡಿ. ನಿಮ್ಮ ಮಾತು ನಂಬಿ ಎಷ್ಟೋ ಚರ್ಚ್‌ನೋರು ಪರದೆ ಕಟ್ಕೊಂಡಿದಾರೆ." ಅವನು ಫೋನ್ ಇಟ್ಟ. ಎಂದೂ ಕೆಟ್ಟ ಮಾತಾಡದ ಮನುಷ್ಯ. ಆ ದಿನವೂ ಆಡಲಿಲ್ಲ.

ಗುರುವಾರ ಅಡುಗೆಮನೆಯಲ್ಲಿ ಮಗಳ ಎದುರು ಬಾಯಿಬಿಟ್ಟಳು. "ನಾಳೆ ಹೋಗ್ಬೇಡ ಕೆಂಡ್ರಾ. ನಾನು ತಪ್ಪಾಗಿ ನೋಡ್ಬಿಟ್ಟಿದ್ದೆ."

ಕೆಂಡ್ರಾ ತಟ್ಟೆ ಒರೆಸುವುದನ್ನು ನಿಲ್ಲಿಸಲಿಲ್ಲ. "ಆವತ್ತು ಹೋಗು ಅಂದೆ, ಹೋದೆ. ಈಗ ಹೋಗ್ಬೇಡ ಅಂತಿದ್ಯ. ಈ ಸಲ ನಾನೇ ನೋಡ್ತೀನಮ್ಮ."

ಹೋಗಬೇಡ ಎನ್ನುವ ಹಕ್ಕನ್ನೇ ತಾನು ಕಳೆದುಕೊಂಡಿದ್ದೇನೆ ಎಂದು ಲೊರೀನಳಿಗೆ ಗೊತ್ತಿತ್ತು.

ಶುಕ್ರವಾರ ಸಂಜೆ ಆರಕ್ಕೆ ಚರ್ಚಿನ ಊಟದ ಹಾಲ್ ತುಂಬಿತ್ತು. ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿದ್ದರು, ಹೊರಗೆ ಇನ್ನೂ ಧಗಧಗ ಬಿಸಿಲು. ಕೆಂಡ್ರಾ ಟ್ರೆಂಟ್‌ನ ಟ್ರಕ್ಕಿನಲ್ಲೇ ಬಂದಳು. ಅವನು ತಂದುಕೊಟ್ಟಿದ್ದ ನೀಲಿ ಅಂಗಿ ತೊಟ್ಟಿದ್ದಳು. ತುಂಬುತೋಳಿನದು. ಅದನ್ನು ಕಂಡದ್ದೇ ಲೊರೀನಳಿಗೆ, ಮಗಳು ಆಗಲೇ ಮನಸ್ಸು ಮಾಡಿಬಿಟ್ಟಿದ್ದಾಳೆ ಎನಿಸಿತು. ಅವರಿಬ್ಬರು ಮೂರನೆಯ ಸಾಲಿನಲ್ಲಿ ಕೂತರು. ಟ್ರೆಂಟ್ ಅವಳ ಕುರ್ಚಿಯ ಬೆನ್ನಿಗೆ ತೋಳು ಚಾಚಿದ.

ಚಿತ್ರಕ್ಕೆ ಮುಂಚೆ ಎರಡು ನಿಮಿಷ ಮಾತಾಡುವುದು ಲೊರೀನಳ ವಾಡಿಕೆ. ಪಾಸ್ಟರ್ ಬ್ರದರ್ ವೆಂಡೆಲ್ ಮೈಕ್ ಕೊಟ್ಟ. ಧೈರ್ಯಕ್ಕೆ ಹಿಡಿದುಕೊಳ್ಳೋಣವೆಂದು ಚೀಲದಲ್ಲಿ ಕೌಂಟರ್‌ಗೆ ಕೈಹಾಕಿದರೆ ಅದು ಇರಲಿಲ್ಲ. ಬರಿಗೈಯಲ್ಲೇ ನಿಂತಳು. ಇನ್ನೂರು ಮುಖಗಳು, ಎಲ್ಲ ಗೊತ್ತಿದ್ದವು. ಎಂದಿನಂತೆ ನಾಲ್ಕು ಒಳ್ಳೆಯ ಮಾತಾಡಿ ಕೂತುಬಿಡುವುದು ಎಷ್ಟು ಸುಲಭವಾಗಿತ್ತು.

"ಈ ಸಿನಿಮಾಕ್ಕೆ ನಾನು ಐದು ದೀಪ ಕೊಟ್ಟಿದ್ದೆ," ಎಂದಳು. "ತಪ್ಪು ಮಾಡ್ದೆ. ಉರಿ ಬಿಸಿಲಲ್ಲಿ ಒಬ್ಬ ಹೆಂಗಸು ತುಂಬುತೋಳು ತೊಟ್ಟಿದ್ಲು. ಮಾನವಂತೆ ಅಂತ ಬರ್ದೆ. ಯಾಕೆ ತೊಟ್ಟಿದಾಳೆ ಅಂತ ಕೇಳ್ಲಿಲ್ಲ. ನಿಮ್ಮನೇಲೂ ಅಂಥೋರಿದ್ರೆ ದಯವಿಟ್ಟು ಕೇಳಿ. ನನ್ನ ಐದು ದೀಪಾನೂ ವಾಪಸ್ ತಗೋತಿದೀನಿ."

ಮುಂದಿನ ಸಾಲಿನ ಹೆಂಗಸೊಬ್ಬಳು ತನ್ನ ಗಂಡನ ಕಡೆ ನೋಡಿ ಕೂಡಲೇ ತಲೆತಗ್ಗಿಸಿದಳು. ಟ್ರೆಂಟ್ ನಗುತ್ತಿದ್ದ, ಆದರೆ ಚಾಚಿದ್ದ ಕೈ ಕುರ್ಚಿಯನ್ನು ಬಿಗಿಹಿಡಿದಿತ್ತು. ಬ್ರದರ್ ವೆಂಡೆಲ್ ಮೆಲ್ಲಗೆ ಮೈಕ್ ಇಸಿದುಕೊಂಡು, "ಥ್ಯಾಂಕ್ಸ್ ಸಿಸ್ಟರ್. ನಾವೇ ನೋಡಿ ತೀರ್ಮಾನಿಸೋಣ, ಅಲ್ವಾ?" ಎಂದ. ದೀಪ ಆರಿಸಿದರು. ಕೆಂಡ್ರಾ ಕೂತಲ್ಲಿಂದ ಅಲುಗಲಿಲ್ಲ.

ಲೊರೀನ್ ಹಿಂದಿನ ಗೋಡೆಗೆ ಕುರ್ಚಿ ಹಾಕಿಕೊಂಡು ಕೂತಳು. ತೆರೆ ನೋಡುವ ಶಕ್ತಿಯಿರಲಿಲ್ಲ; ಮೂರನೆಯ ಸಾಲಿನ ಎರಡು ತಲೆಗಳನ್ನೇ ನೋಡಿದಳು. ಬಾಗಿಲು ಮುಚ್ಚಿತು, ಹೂಮಾಲೆ ಅಲುಗಿತು. ಟ್ರೆಂಟ್‌ನ ತಲೆ ಹೆಂಡತಿಯ ಕಡೆ ವಾಲಿತು. ಲೇಯಾ ಅಜ್ಜಿಯ ಮುಂದೆ ಬಿಕ್ಕಿದಳು, ಹಾಲ್‌ನಲ್ಲಿ ಮೂಗು ಸೀಟುವ ಸದ್ದು ಎದ್ದಿತು. ಲೇಯಾ ಮನೆಯ ಮುಂದೆ ಮಂಡಿಯೂರಿದಳು. ಕೆಂಡ್ರಾ ತಲೆ ಬಗ್ಗಿಸಿದ್ದಳು. ಅಳುತ್ತಿರಬೇಕು. ಮುಗಿಯಿತು, ಕರಗಿಹೋದಳು ಎಂದುಕೊಂಡಳು ಲೊರೀನ್. ದೇವರೇ, ಅವಳನ್ನು ಬಿಡಬೇಡ ಎಂದು ಬೇಡಿಕೊಂಡಳು.

ಚಪ್ಪಾಳೆ ಬಿತ್ತು. ಟ್ಯೂಬ್‌ಲೈಟ್ ಹತ್ತಿದವು. ಟ್ರೆಂಟ್ ಎದ್ದು ಹೆಂಡತಿಯ ಮೊಣಕೈ ಹಿಡಿದ. ಅವಳು ಕೈ ಬಿಡಿಸಿಕೊಂಡು ಕುರ್ಚಿಗಳ ಸಾಲು ದಾಟಿ ನೇರ ಹಿಂದಕ್ಕೆ ಬಂದಳು. ಕಣ್ಣು ಒಣಗಿದ್ದವು. ಅಂಗಿಯ ತೋಳುಗಳನ್ನು ಮೊಣಕೈಯವರೆಗೆ ಮಡಿಸಿದ್ದಳು. ಪ್ಲಾಸ್ಟರ್ ಬಿಚ್ಚಿದ ಕೈ ಬಿಳಿಚಿಕೊಂಡು ಸಣ್ಣಗಾಗಿತ್ತು. ತಾಯಿಯ ಅಂಗೈ ಬಿಡಿಸಿ ಕೌಂಟರ್ ಇಟ್ಟಳು. ಹೈಸ್ಕೂಲಿನಲ್ಲಿದ್ದಾಗ ತಾಯಿಯ ಪಕ್ಕ ಕೂತು ಬೈಗುಳ ಎಣಿಸಿಕೊಟ್ಟ ಮೇಲೂ ಹೀಗೇ ಇಡುತ್ತಿದ್ದಳು.

ಕೌಂಟರ್ ಹದಿನೇಳು ತೋರಿಸುತ್ತಿತ್ತು.

"ಏನಿದು?"

"ಲೇಯಾ 'ನಂದೇ ತಪ್ಪು, ಕ್ಷಮಿಸಿ' ಅಂದಿದ್ದು. ಹದಿನೇಳು ಸಲ."

"ಅವನು?"

"ಅವನೂ ಒಂದ್ಸಲ ಅಂತಾನೇನೋ ಅಂತ ಬೆರಳು ಇಟ್ಕೊಂಡು ಕಾಯ್ತಾನೇ ಇದ್ದೆ ಅಮ್ಮ. ಕೊನೇಲಿ ಹೆಸರುಗಳೆಲ್ಲ ಬಂದು ಹೋಗೋವರೆಗೂ ಕಾದೆ."

ಟ್ರೆಂಟ್ ಹಿಂದೆಯೇ ಬಂದು ನಿಂತಿದ್ದ. "ಕೆನ್, ನಡಿ, ಎಲ್ಲರೂ ನೋಡ್ತಿದಾರೆ," ಎಂದ ಹಲ್ಲು ಕಚ್ಚಿ.

"ನೋಡ್ಲಿ ಬಿಡು," ಎಂದಳು ಕೆಂಡ್ರಾ, ಅವನತ್ತ ತಿರುಗದೆಯೇ. "ಅಮ್ಮ, ಕಾರು ಎಲ್ಲಿ ನಿಲ್ಸಿದೀಯ?"

"ಬಾಗಿಲ ಹತ್ರಾನೇ," ಎಂದಳು ಲೊರೀನ್.